ಬಿಡೋ ಪಟ್ಟಿ ಹಿಡಿದು ಒಂಬತ್ತು ಮಂದಿ ಅಯುತ್ಥಯಾ ನೋಡಿದ್ದು

ಹೊರದೇಶದಲ್ಲಿ ಮನೆಮಂದಿಯನ್ನೆಲ್ಲ ಕಟ್ಟಿಕೊಂಡು ಒಂದು ದಿನದ ಟ್ರಿಪ್ ಹೊಡೆಯೋಕೆ ನಾನು ಬಳಸೋ ಪದ್ಧತಿಗೆ ನಮ್ಮ ಮನೆಯಲ್ಲಿ ‘ಬಿಡೋ ಪಟ್ಟಿ’ ಅಂತಾರೆ. ನೋಡೋ ಪಟ್ಟಿ ಎಲ್ಲರೂ ಮಾಡ್ತಾರೆ. ದಿನ ಕೆಟ್ಟರೆ ಮೊದಲು ಯಾವುದನ್ನ ಬಿಡಬೇಕು, ಆಮೇಲೆ ಯಾವುದನ್ನ, ಏನೇ ಆದರೂ ಬಿಡಬಾರದ್ದು ಯಾವುದು ಅಂತ ನಾನು ಹಿಂದಿನ ರಾತ್ರಿಯೇ ಬರೆದಿಡ್ತೀನಿ. ಇದನ್ನ ಮೊದಲ ಸಲ ಹೇಳಿದಾಗ ಅಕ್ಕನ ಗಂಡ, ನಮ್ಮ ಮಾಮಾ, ಹೊಟ್ಟೆ ಹಿಡ್ಕೊಂಡು ನಕ್ಕರು. “ಲಕ್ಷಗಟ್ಟಲೆ ರೊಕ್ಕಾ ಹಾಕಿ ಹೊಂಟಾನ, ನೋಡೂದು ಬಿಟ್ಟು ಬಿಡೂದರ ಲೆಕ್ಕಾ ಮಾಡಾಕತ್ಯಾನ” ಅಂತ ಒಂದು ಸೀಮಂತದ ಊಟದಲ್ಲಿ ಪಂಕ್ತಿ ತುಂಬ ಹೇಳ್ಕೊಂಡು ತಿರುಗಿದರು. ಮಂಡಿ ನೋವಿನ ಹಿರಿಯರು, ಸಾಲಿ ಹುಡುಗರು, ಮಾಂಸ ಮುಟ್ಟದ ಮಂದಿ, ಗೈಡ್ ಇಲ್ಲ, ಬಸ್ಸಿಲ್ಲ, ಆಗೋ ಮಾತಲ್ಲ ಅಂತ ಉಳಿದವರೂ ದನಿಗೂಡಿಸಿದರು. 2024ರ ಆಗಸ್ಟ್ 12, ಶ್ರಾವಣ ಸೋಮವಾರ, ಥಾಯ್ಲೆಂಡಿನ ಅಯುತ್ಥಯಾದಲ್ಲಿ ನಾವು ಅಂದುಕೊಂಡದ್ದರಲ್ಲಿ ಅರ್ಧಕ್ಕರ್ಧ ಆಗಲೇ ಇಲ್ಲ. ಆದರೂ ಮನೆಯವರು ಇವತ್ತಿಗೂ ‘ಛಲೋ ದಿನ’ ಅಂತ ಹೇಳೋದು ಅದೊಂದನ್ನೇ.

ಪಾಸ್‌ಪೋರ್ಟು, ಫಾರೆಕ್ಸ್ ಕಾರ್ಡು, ವೀಸಾ ಬೇಡ ಅನ್ನೋ ಸುದ್ದಿ, ವಿಜಯಪುರದಿಂದ ಗೋಲಗುಮ್ಮಟ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರು ಸೇರಿ ವಿಮಾನ ಹತ್ತೋದು, ಇವೆಲ್ಲ ಈ ಹುಚ್ಚಿರೋರಿಗೆ ಗೊತ್ತೇ ಇರ್ತವೆ. ನಾನು ದ್ರಾಕ್ಷಿ ಬೆಳೆಗಾರ. ಏಪ್ರಿಲ್ ಚಾಟ್ನಿಗೂ (ಬಳ್ಳಿ ಕತ್ತರಿಸೋ ಕೆಲಸ) ಅಕ್ಟೋಬರ್ ಚಾಟ್ನಿಗೂ ನಡುವೆ, ಅದೂ ಔಷಧ ಹೊಡೆಯೋ ಆಳು ನಂಬಿಗಸ್ತ ಇದ್ದರೆ, ನನಗೆ ಒಂದು ವಾರ ಸಿಗುತ್ತೆ. ಅದಕ್ಕೇ ಮಳೆಗಾಲದ ಟ್ರಿಪ್ ನನ್ನ ಹಣೇಬರಹ. ಅಗ್ಗವೂ ಹೌದು.

ಮೊದಲು ಹಾಳಾದವುಗಳ ಕಥೆ. ಪ್ಯಾಕೇಜಿನಲ್ಲಿ ಮಲೇಶಿಯಾಕ್ಕೆ ಹೋಗಿದ್ವಿ. ಯಾರ ಪ್ಯಾಕೇಜು ಅಂತ ಬೇಡ. ತಲೆಗೆ ಅರವತ್ತು ಸಾವಿರದ ಮೇಲೇ ಬಿತ್ತು. ಬಸ್ಸಲ್ಲಿ ಕೂಡಿಸೋದು, ಇಳಿಸೋದು, ಫೋಟೊ, ಮತ್ತೆ ಕೂಡಿಸೋದು. ಚಾಕಲೇಟ್ ಅಂಗಡಿಗೆ ತಾಸಿನ ಮೇಲೆ ಸಮಯ ಕೊಟ್ಟವರು ಮುರುಗನ ಗುಡಿಯಿರೋ ಬಟು ಗುಹೆಗೆ ಕೊಟ್ಟದ್ದು ಮುಕ್ಕಾಲು ತಾಸು. ಅಲ್ಲಿ 272 ಮೆಟ್ಟಿಲು. ಅವ್ವ ಅರ್ಧ ಏರಿ ಕೂತಾಗ ಕೆಳಗಿಂದ ಸೀಟಿ. ದೇವರನ್ನ ನೋಡದೇ ಇಳಿದ ಅವ್ವ ಊರಿಗೆ ಬರೋವರೆಗೂ ನನ್ನ ಜೋಡಿ ನೆಟ್ಟಗೆ ಮಾತಾಡಲಿಲ್ಲ.

ಅದರ ಸಿಟ್ಟಿಗೆ ಶ್ರೀಲಂಕಾಕ್ಕೆ ನಾವೇ ಹೋದ್ವಿ. ಆಗ ನನ್ನದು ತಾಸು-ತಾಸಿನ ಟೈಮ್‌ಟೇಬಲ್ಲು, ಕಾಲು ಗಂಟೆ ಸಹಿತ ಬರೆದದ್ದು. ಕೊಲಂಬೊದಿಂದ ಕ್ಯಾಂಡಿಗೆ ರೈಲು, ದಂತ ಮಂದಿರ, ಬಟಾನಿಕಲ್ ಗಾರ್ಡನ್, ಸಂಜೆ ವಾಪಸ್. ಮೊದಲ ರೈಲೇ ತಡ. ಟೈಮ್‌ಟೇಬಲ್ಲಿನ ಗುಣ ಏನಂದ್ರೆ ಒಂದು ಸಾಲು ಹೋದರೆ ಕೆಳಗಿನ ಎಲ್ಲ ಸಾಲೂ ಹೋಗ್ತವೆ. ದಂತ ಮಂದಿರದ ಪೂಜೆ ನೂಕುನುಗ್ಗಲಲ್ಲಿ ತಮ್ಮ ಒಂದು ಕಡೆ, ನಾನು ಒಂದು ಕಡೆ. ಅವನು ನಮ್ಮನ್ನ ಹುಡುಕ್ತಾ ಕೆರೆಯ ಒಂದು ದಂಡೆಗೆ, ನಾವು ಅವನನ್ನ ಹುಡುಕ್ತಾ ಇನ್ನೊಂದು ದಂಡೆಗೆ. ಎರಡು ತಾಸು ಅಲ್ಲೇ ಕರಗಿತು. ಕಾಕು ಫುಟ್‌ಪಾತ್ ಮೇಲೆ ಕೂತು ಅತ್ತದ್ದೂ ಆಯ್ತು.

ಈ ಎರಡರಿಂದ ಹೊರಟದ್ದು ಈಗಿನ ಪದ್ಧತಿ. ಮೂರು ಕೀಲು.

ಒಂದು, ಪಟ್ಟಿ. ಹಿಂದಿನ ರಾತ್ರಿ ಹೋಟೆಲಲ್ಲಿ ಎಲ್ಲರೂ ಹಾಸಿಗೆ ಮೇಲೆ ಕೂತು ತಲೆಗೊಂದು ಆಸೆ ಹೇಳಬೇಕು. ಒಂದೇ. ಅದರಲ್ಲಿ ಮೂರು ಮಾತ್ರ ‘ಬಿಡಂಗಿಲ್ಲ’ ಅಂತ ಮೇಲೆ ಕೂರ್ತವೆ, ಉಳಿದವು ಬಿಡೋ ಕ್ರಮದಲ್ಲಿ ಕೆಳಗೆ. ಜಗಳ ಆಗೋದಾದರೆ ಅಲ್ಲೇ, ಫ್ಯಾನಿನ ಕೆಳಗೆ ಆಗಲಿ, ಬಿಸಿಲಲ್ಲಿ ನಿಂತು ಬೇಡ. ಇದಕ್ಕೆ ನಾನು ಹಚ್ಚಿದ ಒಗ್ಗರಣೆ ‘ಬಿಟ್ಟ ದುಡ್ಡು’. ಯಾರ ಆಸೆ ಬಿಟ್ಟುಹೋಗುತ್ತೋ ಅವರ ಕೈಗೆ ಆ ಕ್ಷಣವೇ ನೂರು ಬಾಟ್ ನಗದು. ಆಗ ಒಂದು ಬಾಟಿಗೆ ಎರಡೂಕಾಲು-ಎರಡೂವರೆ ರೂಪಾಯಿ ಇತ್ತು. ಇನ್ನೂರ ನಲವತ್ತು ರೂಪಾಯಿಗೆ ಒಂದು ಮುನಿಸು ತೀರುತ್ತೆ ಅಂದ್ರೆ ಅದಕ್ಕಿಂತ ಸೋವಿ ಏನಿದೆ? ಇದನ್ನ ಮಕ್ಕಳಿಗಂತ ಶುರು ಮಾಡಿದ್ದೆ. ಈಗ ನಾಚಿಕೆ ಇಲ್ಲದೆ ಕೈ ಚಾಚೋರು ಹಿರಿಯರೇ.

ಎರಡು, ತಂಡ. ಕಾಲಿನ ತಂಡ, ಕುರ್ಚಿ ತಂಡ. ಕಾಲಿನ ತಂಡದಲ್ಲಿ ನಾನು, ಮಗ, ಮಗಳು, ತಮ್ಮ, ಅವನ ಹೆಂಡ್ತಿ. ಕುರ್ಚಿ ತಂಡದಲ್ಲಿ ಅವ್ವ, ಕಾಕಾ, ಕಾಕು, ಮತ್ತೆ ಅವರ ಮುಖಂಡಳಾಗಿ ನನ್ನ ಹೆಂಡ್ತಿ. ಸೇರೋಕೆ ಒಂದು ಜಾಗ. ಅದಕ್ಕೆ ಚಾವಣಿ ಇರಬೇಕು, ಕೂರೋಕೆ ಕಟ್ಟೆ ಇರಬೇಕು, ಸಂಡಾಸು ಹತ್ತಿರ ಇರಬೇಕು. ಕುರ್ಚಿ ತಂಡ ಅಲ್ಲಿಂದ ಏಳೋ ಹಾಗಿಲ್ಲ. ಭೂಕಂಪ ಆದರೂ ಏಳಬೇಡ್ರಿ ಅಂತ ಹೇಳಿಟ್ಟಿರ್ತೀನಿ. ಯಾವ ಹೊತ್ತಿಗೆ ಸೇರೋದು ಅನ್ನೋದನ್ನ ಗಟ್ಟಿ ಮಾಡೋದೇ ಇಲ್ಲ. ಹೊತ್ತು ಗೊತ್ತು ಮಾಡಿದರೆ ತಡವಾದ ಕೂಡಲೇ ಒಬ್ಬರು ಹುಡುಕೋಕೆ ಏಳ್ತಾರೆ, ಅಲ್ಲಿಗೆ ಕ್ಯಾಂಡಿ ಕೆರೆ ಶುರು.

ಮೂರು, ಚೀಲ. ಹೋಗೋ ಚೀಲ, ತಿನ್ನೋ ಚೀಲ, ಕೆಟ್ಟರೆ ಚೀಲ. ಕೆಟ್ಟರೆ ಚೀಲದಲ್ಲಿ ದಿನದ ಒಟ್ಟು ರೊಕ್ಕದ ಮೂರನೇ ಒಂದು ಪಾಲಿಗಿಂತ ಕಮ್ಮಿ ಇಡಬೇಡಿ. ನಾನು ಆ ದಿನ ಮೂರು ಸಾವಿರ ಬಾಟ್ ಆಸುಪಾಸು ಇಟ್ಟಿದ್ದೆ. ಆ ರೊಕ್ಕ ಹೋಯ್ತು ಅಂತಲೇ ಲೆಕ್ಕ. ಅದಕ್ಕೇ ಅದನ್ನ ಖರ್ಚು ಮಾಡುವಾಗ ಗಂಡ-ಹೆಂಡ್ತಿ ಮುಖ ಮುಖ ನೋಡೋ ಪ್ರಸಂಗ ಬರೋದಿಲ್ಲ.

ಇನ್ನು ರೊಟ್ಟಿ. ಇದು ಪದ್ಧತಿಯ ಭಾಗ ಅಲ್ಲ, ನನ್ನ ಹುಚ್ಚು. ಥಾಯ್ಲೆಂಡಲ್ಲಿ ಸಸ್ಯಾಹಾರ ಸಿಗೋದಿಲ್ಲ ಅನ್ನೋದು ಸುಳ್ಳು. ಹಳದಿ ಬಾವುಟದ ಮೇಲೆ ಕೆಂಪಕ್ಷರ ಬರೆದ ‘ಜೇ’ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ ಇರಲಿ, ಬೆಳ್ಳುಳ್ಳಿ-ಉಳ್ಳಾಗಡ್ಡಿಯೂ ಹಾಕೋದಿಲ್ಲ. ಆದರೆ ಊರು ಬಿಟ್ಟು ಹೊರಗೆ ಹೋದ ದಿನ ಅವನ್ನ ಹುಡುಕ್ತಾ ಅಲೆಯೋಕೆ ಆಗೋದಿಲ್ಲ, ಸಾದಾ ಅಂಗಡಿಯಲ್ಲಿ ಸೊಪ್ಪಿನ ಪಲ್ಯಕ್ಕೂ ಮೀನಿನ ಸಾರ ಸುರೀತಾರೆ. ಹಾಗಾಗಿ ಕಟಕ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ನಮ್ಮದೇ ಶೆಡ್ಡಿನ ಒಣದ್ರಾಕ್ಷಿ. ತೊಂದರೆ ಹಸಿ ಹವೆಯದು. ವಿಜಯಪುರದಲ್ಲಿ ತಿಂಗಳುಗಟ್ಟಲೆ ಕಟಕ್ ಅನ್ನೋ ರೊಟ್ಟಿ ಬ್ಯಾಂಕಾಕಲ್ಲಿ ಎರಡನೇ ದಿನಕ್ಕೆ ಚಕ್ಕಳ ಆಗುತ್ತೆ. ಸ್ಟೀಲ್ ಡಬ್ಬಿ ನೋಡಿದೆ, ಒಡೀತವೆ, ಮೆತ್ತಗೂ ಆಗ್ತವೆ. ಜಿಪ್ ಚೀಲದಲ್ಲಿ ಹೊಸ ಬೂಟಿನ ಡಬ್ಬಿಯಲ್ಲಿ ಬರ್ತಾವಲ್ಲ, ಆ ಹರಳಿನ ಪುಡಿಕೆ ಹಾಕಿ ನೋಡಿದೆ, ಕಾಕು “ಇಲಿ ಔಷಧಾನೇನೋ ಇದು?” ಅಂತ ಮುಟ್ಟಲೇ ಇಲ್ಲ. ಹೋಟೆಲಿನ ಇಸ್ತ್ರಿ ಪೆಟ್ಟಿಗೆಯಿಂದ ರೊಟ್ಟಿ ಬಿಸಿ ಮಾಡಿದ್ದೂ ಉಂಟು. ಟವೆಲ್ ನಡುವೆ ಇಟ್ಟು ಒತ್ತಿದರೆ ಗರಿಗರಿ ಆಗುತ್ತೆ, ಆದರೆ ಟವೆಲ್ಲಿಗೆ ಹಿಡಿದ ಜ್ವಾಳದ ವಾಸನೆಗೆ ಹೋಟೆಲಿನವರು ಬೇರೆ ಬಿಲ್ ಹಾಕಿದರು, ಇನ್ನೂರೈವತ್ತೋ ಮುನ್ನೂರೋ ಬಾಟ್. ಕಡೆಗೆ ಒಂದು ಉಪಾಯ ಸಿಕ್ಕಿತು. ಹತ್ತಿ ಬಟ್ಟೆ, ಎರಡು ರಟ್ಟು, ಮತ್ತೆ ನಮ್ಮ ಒಣದ್ರಾಕ್ಷಿ ಶೆಡ್ಡಿನಲ್ಲಿ ಸಿಗೋ ಒಂದು ಸಾಮಾನು. ಆ ಸಾಮಾನು ಯಾವುದು ಅಂತ ಮಾತ್ರ ಕೇಳಬೇಡಿ. ಈ ಸಲ ಪರೀಕ್ಷೆಗೆಂದೇ ಅರ್ಧ ರೊಟ್ಟಿ ಜಿಪ್ ಚೀಲದಲ್ಲಿ, ಅರ್ಧ ನನ್ನ ಕಟ್ಟಿನಲ್ಲಿ ಒಯ್ದಿದ್ದೆ.

ಅಯುತ್ಥಯಾ ಬ್ಯಾಂಕಾಕಿನಿಂದ ಎಂಬತ್ತು ಕಿಲೋಮೀಟರ್ ಹತ್ತಿರ. ಚಾವೊ ಫ್ರಾಯಾ, ಲೋಪ್‌ಬುರಿ, ಪಾ ಸಕ್ ಮೂರು ನದಿ ಸುತ್ತುವರಿದ ನಡುಗಡ್ಡೆ, ನಾಲ್ಕು ನೂರು ವರ್ಷದ ಮೇಲೆ ರಾಜಧಾನಿಯಾಗಿದ್ದ ಊರು, 1767ರಲ್ಲಿ ಬರ್ಮಾದ ಸೈನ್ಯ ಸುಟ್ಟು ಹಾಳು ಮಾಡಿದ್ದು. ಹೋಟೆಲಿನ ಕೌಂಟರಲ್ಲಿ ದಿನದ ಟೂರಿಗೆ ತಲೆಗೆ 1,600 ಬಾಟ್ ಕೇಳಿದರು. ಒಂಬತ್ತು ಮಂದಿಗೆ ಗುಣಿಸಿ ನೋಡಿ. ರೈಲಿನ ಮೂರನೇ ಕ್ಲಾಸಿಗೆ ತಲೆಗೆ ಇಪ್ಪತ್ತು ಬಾಟೂ ದಾಟಲಿಲ್ಲ. ದೊಡ್ಡ ರೈಲುಗಳೆಲ್ಲ ಈಗ ಹೊಸ ಟೇಶನ್ನಿಗೆ ಹೋಗಿವೆ. ಸಾದಾ ರೈಲುಗಳು ಹಳೇ ಹುವಾ ಲಂಫೋಂಗ್‌ನಿಂದಲೇ ಹೊರಡ್ತವೆ. ನಾವು ಉಳಿದದ್ದು ಅದರ ಹತ್ತಿರವೇ.

ಹಿಂದಿನ ರಾತ್ರಿ ಪಟ್ಟಿ ಹೀಗಾಯ್ತು. ಬಿಡಂಗಿಲ್ಲ: ಅವ್ವನ ದರ್ಶನಕ್ಕೆ ಮೊಂಗ್ಖೊನ್ ಬೊಫಿತ್ ವಿಹಾರದ ಕಂಚಿನ ಬುದ್ಧ, ಮಗಳಿಗೆ ಬೇರಿನೊಳಗಿನ ಬುದ್ಧನ ತಲೆ, ನನ್ನ ಹೆಂಡ್ತಿಗೆ ವಾಟ್ (ಅಂದ್ರೆ ಗುಡಿ) ಚೈವತ್ಥನಾರಾಮಲ್ಲಿ ಥಾಯ್ ಉಡುಪಿನ ಫೋಟೊ. ಬಿಡೋ ಸಾಲಲ್ಲಿ ಮೊದಲು ಕಾಕಾನ ಬಾಂಗ್ ಪಾ-ಇನ್ ಅರಮನೆ, ಆಮೇಲೆ ತಮ್ಮನ ಹೆಂಡ್ತಿ ಕೇಳಿದ ವಾಟ್ ಯಾಯ್ ಚೈಮೊಂಗ್ಖೊನ್, ಆಮೇಲೆ ಕಾಕುವಿನ ದೋಣಿ ಸುತ್ತು, ಕಡೆಗೆ ಮಗನ ಆನೆ. ತಮ್ಮ ಏನೂ ಕೇಳಲಿಲ್ಲ. ಅದಕ್ಕೆ ಕಾರಣ ಆಮೇಲೆ ತಿಳೀತು.

ಬೆಳಿಗ್ಗೆ ಟೇಶನ್ನಿಗೆ ಕಾಲಿಟ್ಟರೆ ಎಲ್ಲೆಲ್ಲೂ ತಿಳಿನೀಲಿ ಅಂಗಿ, ಕೈಯಲ್ಲಿ ಮಲ್ಲಿಗೆ ಮಾಲೆ. ಆಗಸ್ಟ್ 12 ಆಗಿನ ರಾಜಮಾತೆ ಸಿರಿಕಿತ್ ಅವರ ಹುಟ್ಟುಹಬ್ಬ, ಥಾಯ್ ಮಂದಿಗೆ ಅದೇ ತಾಯಂದಿರ ದಿನ, ಸರಕಾರಿ ರಜೆ. ರಜೆ ಅಂತ ಗೊತ್ತಿತ್ತು. ಅದರ ಭಾರವೆಲ್ಲ ಈ ರೈಲಿನ ಮೇಲೆ ಬೀಳುತ್ತೆ ಅಂತ ಹೋಟೆಲಿನವರೂ ಹೇಳಿರಲಿಲ್ಲ. ನಾವು ಹಿಡೀಬೇಕಿದ್ದ ರೈಲಿನ ಬಾಗಿಲಲ್ಲೂ ಮಂದಿ. ಅವ್ವನ ಮಂಡಿ ಕಟ್ಟಿಕೊಂಡು ಅದರೊಳಗೆ ನುಗ್ಗೋ ಧೈರ್ಯ ಬರಲಿಲ್ಲ. ಬಿಟ್ವಿ. ಮುಂದಿನದಕ್ಕೆ ಕಾಯ್ತಾ ಕೂತಾಗ ಎಂಟು ಗಂಟೆ ಆಯ್ತು, ಟೇಶನ್ ತುಂಬ ರಾಷ್ಟ್ರಗೀತೆ. ಓಡ್ತಿದ್ದವರೂ ಇದ್ದಲ್ಲೇ ನಿಂತರು. ಕಾಕಾ ಕನ್ನಡ ಸಾಲಿ ಮಾಸ್ತರಾಗಿ ನಿವೃತ್ತಿಯಾದವರು. ನಮಗಿಂತ ಮೊದಲು ಎದ್ದು, ಹಿಮ್ಮಡಿ ಕೂಡಿಸಿ, ಎರಡೂ ಕೈ ತೊಡೆಗೆ ಒತ್ತಿ ನಿಂತರು. ಮುಗಿದ ಕೂಡಲೇ ಮೂವತ್ತು ವರ್ಷದ ರೂಢಿ ಬಿಡಲಿಲ್ಲ, ಗಟ್ಟಿಯಾಗಿ “ಜೈ ಹಿಂದ್” ಅಂದುಬಿಟ್ಟರು. ಪಕ್ಕದ ಪೊಲೀಸಪ್ಪ ಕೈ ಮುಗಿದು ನಕ್ಕ.

ಎರಡನೇ ರೈಲಲ್ಲೂ ಜಾಗ ಇರಲಿಲ್ಲ, ಆದರೆ ನಿಲ್ಲೋಕೆ ನೆಲ ಇತ್ತು. ಅವ್ವನ್ನ ನೋಡಿದ್ದೇ ಇಬ್ಬರು ಹುಡುಗರು ಎದ್ದರು. ತಾಯಂದಿರ ದಿನದ ಲಾಭ. ಕಿಟಕಿ ಪೂರಾ ತೆಗೆದ ರೈಲು, ತಲೆ ಮೇಲೆ ಫ್ಯಾನು, ಮಾವಿನಕಾಯಿ ಹೋಳಿಗೆ ಖಾರ-ಉಪ್ಪು-ಸಕ್ಕರೆ ಕೂಡಿಸಿದ ಪುಡಿ ಕಟ್ಟಿ ಮಾರೋ ಹೆಂಗಸರು. ಕಾಕುಗೆ ಇದೆಲ್ಲ ಜಮಖಂಡಿಯ ಮಗಳಿಗೆ ತೋರಿಸಬೇಕು. ನನ್ನ ಹೆಂಡ್ತಿಯ ಫೋನ್ ಇಸ್ಕೊಂಡು ವಿಡಿಯೊ ಕಾಲ್ ಹಚ್ಚಿದವರು ಇಳಿಸಲೇ ಇಲ್ಲ. ನಡುನಡುವೆ ರೈಲು ಗದ್ದೆಯಲ್ಲಿ ಸುಮ್ಮನೆ ನಿಲ್ಲೋದು, ಎಕ್ಸ್‌ಪ್ರೆಸ್ಸು ಪಕ್ಕದಲ್ಲಿ ಹಾದುಹೋಗೋದು. ಎರಡು ತಾಸಿನೊಳಗೆ ಮುಟ್ಟಬೇಕಾದ್ದು ಮೂರಕ್ಕೆ ಹತ್ತಿರ ತಗೊಂತು. ಬಾಂಗ್ ಪಾ-ಇನ್ ಟೇಶನ್ ಕಿಟಕಿಯಲ್ಲೇ ಬಂತು, ಕಿಟಕಿಯಲ್ಲೇ ಹೋಯ್ತು. ಪಟ್ಟಿ ತೆಗೆದು ಗೀಟು ಎಳೆದು ಕಾಕಾನ ಕೈಗೆ ನೂರರ ನೋಟು ಇಟ್ಟೆ. “ಅರಮನಿ ನೋಡಿದ್ರ ಇದು ಸಿಗತಿದ್ದಿಲ್ಲ ನೋಡು” ಅಂತ ಅಂಗಿ ಜೇಬಿಗೆ ಸೇರಿಸಿದರು.

ಟೇಶನ್ ಇರೋದು ಪಾ ಸಕ್ ನದಿಯ ಈಚೆ ದಂಡೆಗೆ. ಎದುರು ದಂಡೆಗೆ ಚಿಕ್ಕ ದೋಣಿ, ಹತ್ತು ಬಾಟೋ ಏನೋ. ಅವ್ವನ್ನ ಇಳಿಸೋದಷ್ಟೇ ಕಷ್ಟ. ಎಡಗಾಲು ಮೊದಲು ಅಂದರೆ ಬಲಗಾಲು ಮುಂದೆ ಮಾಡೋದು ಅವರ ಜಾಯಮಾನ. ಆಚೆಗೆ ಟುಕ್‌ಟುಕ್‌ಗಳು. ಬ್ಯಾಂಕಾಕಿನ ತರ ಅಲ್ಲ, ಮೂತಿ ದುಂಡಗೆ ಉಬ್ಬಿದ್ದು. ತಾಸಿಗೆ 300 ಬಾಟ್‌ನಿಂದ ಮಾತು ಶುರು ಮಾಡಿದರು. ನಾನು ಎಷ್ಟಕ್ಕೆ ಇಳಿಸಿದೆ, ಯಾವ ಮಾತು ಹೇಳಿ ಇಳಿಸಿದೆ ಅನ್ನೋದು ನನ್ನ ಹೊಟ್ಟೆಯಲ್ಲೇ ಇರಲಿ. ಒಣದ್ರಾಕ್ಷಿಗೆ ಅದರಲ್ಲಿ ಪಾಲಿದೆ ಅಂತಷ್ಟೇ ಹೇಳ್ತೀನಿ.

ಆಗ ಆರು ಗುಡಿಗೆ ಕೂಡಿ 220 ಬಾಟಿನ ಒಂದು ಟಿಕೆಟ್ ಇತ್ತು, ಬಿಡಿಬಿಡಿಯಾಗಿ ತಗೊಂಡರೆ ಗುಡಿಗೆ 50 ಇತ್ತು. ಎಲ್ಲರೂ ಕೂಡು ಟಿಕೆಟ್ ತಗೋ ಅಂತಾರೆ. ನಾನು ಬೇಡ ಅಂತೀನಿ. ರೊಕ್ಕ ಕೊಟ್ಟ ಮೇಲೆ ಬಿಡೋಕೆ ಮನಸ್ಸು ಬರೋದಿಲ್ಲ. ಎಂಬತ್ತು ಬಾಟ್ ಉಳಿಸೋಕೆ ಹೋಗಿ ಸಂಜೆವರೆಗೂ ಮುದುಕರನ್ನ ಎಳೆದಾಡ್ತೀವಿ.

ಕುರ್ಚಿ ತಂಡವನ್ನ ವಿಹಾರಕ್ಕೆ ಕಳಿಸಿ ನಾವು ವಾಟ್ ಮಹಾಥಾತ್‌ಗೆ ನಡೆದ್ವಿ. ತಲೆ ಸುಟ್ಟುಹೋಗೋ ಬಿಸಿಲು, ಮೈಯೆಲ್ಲ ಅಂಟು. ನಮ್ಮದು ಒಣ ಬಿಸಿಲು, ನೆರಳಿಗೆ ಹೋದರೆ ಬಿಡುತ್ತೆ. ಇದು ನೆರಳಿಗೂ ಬೆನ್ನು ಹತ್ತಿ ಬರುತ್ತೆ. ಬುದ್ಧನ ತಲೆ ನೆಲದಿಂದ ಮೊಳಕಾಲೆತ್ತರದಲ್ಲಿದೆ, ಮುಖವೊಂದನ್ನ ಬಿಟ್ಟು ಎಲ್ಲ ಕಡೆ ಬೇರು. ಬಲಗೆನ್ನೆಯ ಮೇಲೆ ಸಣ್ಣದೊಂದು ಇರುವೆ ಸಾಲು ಹೊರಟಿತ್ತು. ಫೋಟೊ ತೆಗೆಸೋರು ಕೂತೇ ತೆಗೆಸಬೇಕು, ಬುದ್ಧನ ತಲೆಗಿಂತ ನಮ್ಮ ತಲೆ ಎತ್ತರ ಇರೋ ಹಾಗಿಲ್ಲ. ಕಾವಲಿನವನು ನಿಂತವರನ್ನ ಕಂಡರೆ ಸೀಟಿ ಊದ್ತಾನೆ. ಸುತ್ತ ತಲೆ ಇಲ್ಲದ ಬುದ್ಧರು ಸಾಲಾಗಿ ಕೂತಿದ್ದಾರೆ, ಅವುಗಳ ಹಿಂದೆ ನಿಂತು ತಮ್ಮ ತಲೆ ತೂರಿಸಿ ಫೋಟೊ ಹೊಡೆಯಬೇಡಿ ಅಂತ ಬೋರ್ಡು. ಮಗಳ ಆಸೆ ತೀರಿತು.

ಎದುರಿನ ವಾಟ್ ರಾಚಬುರಾಣ ಪಟ್ಟಿಯಲ್ಲೇ ಇರಲಿಲ್ಲ. ಒಳಗೆ ಕಾಲಿಟ್ಟ ಹತ್ತು ನಿಮಿಷಕ್ಕೆ ಪಶ್ಚಿಮದಿಂದ ಕಪ್ಪಾಗಿ ಬಂದು ಸುರಿಯೋಕೆ ಹತ್ತಿತು ನೋಡಿ, ಎದುರಿನ ಗೋಡೆ ಕಾಣದ ಹಾಗೆ. ಓಡಿ ಗೋಪುರದ ಮೆಟ್ಟಿಲು ಹತ್ತಿ ಒಳಗೆ ಸೇರಿದ್ವಿ. ರಾಜ್ಯಕ್ಕಾಗಿ ಆನೆ ಮೇಲೆ ಕಾದಾಡಿ ಸತ್ತ ಇಬ್ಬರು ಅಣ್ಣಂದಿರನ್ನ ಸುಟ್ಟ ಜಾಗದಲ್ಲಿ ಉಳಿದ ತಮ್ಮ 1424ರಲ್ಲಿ ಕಟ್ಟಿಸಿದ್ದು ಅದು. ಗೋಪುರದ ನಡುವಿಂದ ಕೆಳಗೆ ಕಡಿದಾದ ಮೆಟ್ಟಿಲು, ತುದಿಯಲ್ಲಿ ಒಂದು ಹಳೇ ನೆಲಮಾಳಿಗೆ, ಗೋಡೆ ಮೇಲೆ ಮಸುಕಾದ ಚಿತ್ರ. 1957ರಲ್ಲಿ ಕಳ್ಳರು ಇದನ್ನ ಅಗೆದು ಬಂಗಾರ ಹೊತ್ತೊಯ್ದರು, ಆಮೇಲೆ ಸರಕಾರ ಉಳಿದದ್ದನ್ನ ತೆಗೆದು ಮ್ಯೂಸಿಯಂನಲ್ಲಿ ಇಟ್ಟಿತು. ಹುಡುಗರು ಕಳ್ಳರ ಆಟ ಶುರು ಮಾಡಿದರು. ಒಂದು ತಾಸಿನ ಮೇಲೆ ಅಲ್ಲೇ. ಹಣ ಕೊಟ್ಟು ಕರೆದುಕೊಂಡು ಹೋದ ಯಾವ ಮ್ಯೂಸಿಯಂನಲ್ಲೂ ಅವರು ಅಷ್ಟು ಹೊತ್ತು ನಿಂತಿದ್ದಿಲ್ಲ.

ಹೆಂಡ್ತಿಗೆ ಫೋನ್ ಹಚ್ಚಿದೆ. ಸ್ವಿಚ್ ಆಫ್. ಜಮಖಂಡಿ ಕಾಲ್ ಅದನ್ನ ರೈಲಲ್ಲೇ ಮುಗಿಸಿತ್ತು. ತಮ್ಮ ಹೊರಡೋಣ, ನೆನೆದರೂ ನಡೀತದ ಅಂತ ತಯಾರಾದ. ಕೂಡು ಅಂದೆ. ಅವರು ಚಾವಣಿ ಕೆಳಗಿದ್ದಾರೆ, ಏಳೋದಿಲ್ಲ, ರೊಟ್ಟಿ ಚೀಲ ಅವರ ಹತ್ತಿರ ಇದೆ. ನಾವು ಮೂರಕ್ಕೆ ಹೋದರೂ ಅಷ್ಟೇ, ನಾಲ್ಕಕ್ಕೆ ಹೋದರೂ ಅಷ್ಟೇ.

ಮಳೆ ಸಣ್ಣಗಾದ ಮೇಲೆ ನಡುವಿನ ಕೆರೆಗಳ ಉದ್ಯಾನ ಹಾಯ್ದು ಹೊರಟ್ವಿ. ದಾರಿ ಮೇಲೆ ಹಿಮ್ಮಡಿ ಮುಳುಗೋ ನೀರು. ಅಲ್ಲಿ ಮಗ ಒಮ್ಮೆಲೇ ನನ್ನ ಅಂಗಿ ಜಗ್ಗಿದ. ಹತ್ತು ಹೆಜ್ಜೆ ದೂರದಲ್ಲಿ ಒಂದು ಉಡ. ನಮ್ಮ ಹೊಲದ ಬದುವಿನ ಉಡ ಅಲ್ಲ, ಮೂಗಿನಿಂದ ಬಾಲದವರೆಗೆ ಅವನಿಗಿಂತ ಉದ್ದ. ನಾಲಿಗೆ ಹೊರಗೆ ಬಿಡ್ತಾ, ನಮ್ಮನ್ನ ಲೆಕ್ಕಕ್ಕೇ ಇಟ್ಟುಕೊಳ್ಳದೆ ದಾರಿ ದಾಟಿ ಕೆರೆಗೆ ಇಳಿದು ಈಜಿಕೊಂಡು ಹೋಯ್ತು. ಆನೆ ಬಿಡೋದು ಅಲ್ಲಿಗೆ ಸಲೀಸಾಯ್ತು. ಆದರೂ ನೂರು ಬಾಟ್ ಬಿಡಲಿಲ್ಲ, “ಉಡ ಪುಕಟ್ಟೆ ಬಂದದ್ದು, ಪಟ್ಟಿಯಾಗ ಇರಲಿಲ್ಲ” ಅಂತ ವಾದ ಮಾಡಿ ವಸೂಲು ಮಾಡಿದ.

ವಿಹಾರದ ಪಕ್ಕದ ಬಜಾರಿನ ತಗಡಿನ ಕೆಳಗೆ ಕುರ್ಚಿ ತಂಡ ಅಚ್ಚುಕಟ್ಟಾಗಿ ಕೂತಿತ್ತು. ದರ್ಶನ ಆಗಿದೆ, ಆದರೆ ಅವ್ವನ ಚಪ್ಪಲಿ ಇಲ್ಲ. ಬಾಗಿಲಲ್ಲಿ ಬಿಟ್ಟದ್ದು, ರಜೆಯ ಗದ್ದಲದಲ್ಲಿ ಯಾರ ಕಾಲಿಗೋ ಹೋಗಿದೆ. ಅಳುಮುಖ ಇರುತ್ತೆ ಅಂದುಕೊಂಡರೆ ಅವ್ವ ಖುಷಿಯಲ್ಲಿದ್ದರು. “ಗುಡಿಯಾಗ ಚಪ್ಪಲ್ ಹೋದ್ರ ಶನಿ ಬಿಟ್ಟಂಗ. ಅದೂ ಶ್ರಾವಣ ಸೋಮಾರ, ಪರದೇಶದಾಗ ಬಿಟ್ಟು ಬಂದ್ನಿ. ಇನ್ನ ಹೊಳ್ಳಿ ಬರಂಗಿಲ್ಲ ಅದು.” ಬಜಾರಿನಲ್ಲಿ ರಬ್ಬರಿನದು ಕೊಂಡದ್ದು 120 ಬಾಟ್, ಕೆಟ್ಟರೆ ಚೀಲದಿಂದ. ಬೆಳಿಗ್ಗೆ ರೈಲಲ್ಲಿ ಜಾಗ ಬಿಟ್ಟ ಹುಡುಗರಲ್ಲಿ ಒಬ್ಬ ಕೊಟ್ಟಿದ್ದ ಮಲ್ಲಿಗೆ ಮಾಲೆಯನ್ನ ಬುದ್ಧನಿಗೆ ಏರಿಸಿ ಒಂದೆರಡು ಹೂವು ತುರುಬಿಗೆ ಸಿಕ್ಕಿಸಿಕೊಂಡಿದ್ದರು.

ಕಾಕಾ ಅಷ್ಟರಲ್ಲಿ ಪಕ್ಕದ ವಾಟ್ ಫ್ರಾ ಸಿ ಸನ್ಫೆತ್‌ನ ಮೂರು ಸ್ತೂಪಗಳನ್ನ ಬೇಲಿ ಹೊರಗಿಂದಲೇ ನೋಡಿ ಬಂದು ಪಾಠ ಶುರು ಹಚ್ಚಿಕೊಂಡಿದ್ದರು. ನಮ್ಮ ವಿಜಯಪುರ 1686ರಲ್ಲಿ ಔರಂಗಜೇಬನ ಕೈಗೆ ಹೋಯ್ತು, ಇವರದು 1767ರಲ್ಲಿ ಬಿತ್ತು. ಎರಡೂ ಊರು ಮೆರೆದದ್ದು ಒಂದೇ ಕಾಲಕ್ಕೆ, ಎರಡೂ ಕಡೆ ಪರ್ಶಿಯಾದ ವ್ಯಾಪಾರಸ್ಥರು ಇದ್ದರು. ಕಾಕು ತಡೆದರು. “ಬಾರಾ ಕಮಾನ್ ಮನಿ ಹಿಂದ ಐತಿ. ಬಿದ್ದ ಗ್ವಾಡಿ ನೋಡಾಕ ಇಮಾನ ಹತ್ತಿ ಬರಬೇಕಿತ್ತೇನ್ರಿ?” ಇದಕ್ಕೆ ಕಾಕಾನ ಹತ್ತಿರ ಉತ್ತರ ಇರಲಿಲ್ಲ. ನಿಜ ಹೇಳಬೇಕಂದ್ರೆ ನನ್ನ ಹತ್ತಿರವೂ ಇರಲಿಲ್ಲ. ದೋಣಿ ಸುತ್ತು ಬಿಟ್ಟದ್ದಕ್ಕೆ ನೂರು ಬಾಟ್ ಕೈಗೆ ಬಿದ್ದ ಮೇಲೆ ಕಾಕು ಗ್ವಾಡಿಗಳ ವಿಷಯ ಬಿಟ್ಟರು. ವಾಟ್ ಯಾಯ್‌ಗೂ ಅಲ್ಲೇ ಗೀಟು ಬಿತ್ತು, ತಮ್ಮನ ಹೆಂಡ್ತಿಗೂ ನೂರು.

ರೊಟ್ಟಿ ಪರೀಕ್ಷೆಯ ಫಲಿತಾಂಶ: ಜಿಪ್ ಚೀಲದವು ಮಡಚಿದರೆ ಮಡಚಿಕೊಂಡವು. ನನ್ನ ಕಟ್ಟಿನವು ಅಂಥಾ ಮಳೆಯಲ್ಲೂ ಮುರಿದಾಗ ಸದ್ದು ಬಂತು. ಪಕ್ಕದ ಅಂಗಡಿಯಾಕೆ ತಿರುಗಿ ನೋಡಿದಳು, ಒಂದು ತುಂಡಿಗೆ ಶೇಂಗಾ ಹಿಂಡಿ ಹಚ್ಚಿ ಕೊಟ್ಟರೆ ಬೆರಳು ನೆಕ್ಕಿದಳು. ಮೊಸರು ಅಂತ ಹುಡುಗರು ತಂದದ್ದು ಸಕ್ಕರೆ ಪಾಕ. ಅದರಲ್ಲಿ ರೊಟ್ಟಿ ನೆನೆಸೋ ಪ್ರಯೋಗವನ್ನ ಯಾರೂ ಮಾಡಬೇಡಿ. ಒಪ್ಪತ್ತಿನ ಅವ್ವನಿಗೆ ಬಾಳೆಹಣ್ಣು, ಒಣದ್ರಾಕ್ಷಿ.

ನಾಲ್ಕೂವರೆಗೆ ಎರಡು ಟುಕ್‌ಟುಕ್ ಮಾಡಿ ನದಿಯ ಪಶ್ಚಿಮ ದಂಡೆಯ ವಾಟ್ ಚೈವತ್ಥನಾರಾಮಕ್ಕೆ. 1630ರಲ್ಲಿ ಪ್ರಾಸಾತ್ ಥೋಂಗ್ ರಾಜ ಕಟ್ಟಿಸಿದ್ದು, ನಡುವೆ ದೊಡ್ಡ ಗೋಪುರ, ಸುತ್ತ ಸಣ್ಣವು. ಮಳೆ ತೊಳೆದ ಇಟ್ಟಿಗೆ ಕೆಂಪಗೆ ಹೊಳೀತಿತ್ತು, ಮಂದಿಯೂ ಅರ್ಧ ಚೆದುರಿದ್ದರು. ಟೈಮಿಗೆ ಸರಿಯಾಗಿ ಬೆಳಿಗ್ಗೆಯ ರೈಲು ಹತ್ತಿದ್ದರೆ ನಾವು ಇಲ್ಲಿಗೆ ಬರ್ತಿದ್ದದ್ದು ಮಧ್ಯಾಹ್ನ ಎರಡಕ್ಕೆ, ಉರಿಬಿಸಿಲಿಗೆ. ಎದುರಿನ ಅಂಗಡಿಗಳಲ್ಲಿ ಉಡುಪು ಬಾಡಿಗೆಗೆ ಕೊಡ್ತಾರೆ, ಆಗ ತಲೆಗೆ ಇನ್ನೂರು ಬಾಟ್ ಇತ್ತು. ಸೀರೆ ಉಡೋ ಕೈಗೆ ಅದೇನು ದೊಡ್ಡದಲ್ಲ ಅಂತ ನನ್ನ ಹೆಂಡ್ತಿ ಅಂಗಡಿಯಾಕೆಯನ್ನ ಬದಿಗೆ ಸರಿಸಿ ತಾನೇ ನೆರಿಗೆ ಹಿಡಿದಳು. ತಮ್ಮನ ಹೆಂಡ್ತಿಯೂ ತಯಾರಾದಳು. ಆಮೇಲೆ ನೋಡಿದರೆ ಜರತಾರಿ ಪಟ್ಟಿ, ಕಚ್ಚೆಯಂಥ ಧೋತರ, ಸೊಂಟಕ್ಕೆ ಬೆಲ್ಟು ಹಾಕಿಕೊಂಡು ಕಾಕಾ ಬಂದರು! ಆ ಫೋಟೊ ನಮ್ಮ ಬಂಧುಬಳಗದ ಗುಂಪಿನಲ್ಲಿ ಹೋದಷ್ಟು ದೂರ ಯಾವ ಮದುವೆ ಕಾರ್ಡೂ ಹೋಗಿಲ್ಲ. ಮಾಮಾ ತಕ್ಷಣ ಫೋನ್ ಹಚ್ಚಿ “ಯಾವ ಪ್ಯಾಕೇಜ್ ಅದು, ಎಷ್ಟು ಹಿಡದಾರ?” ಅಂತ ಕೇಳಿದರು. ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಳಿ ಭಾಳ ಆತಂತಲ್ಲ?” ಅಂದರು.

ಇಷ್ಟರ ನಡುವೆ ತಮ್ಮ ಮಾಯ. ಮುಕ್ಕಾಲು ತಾಸು ಬಿಟ್ಟು ನದಿ ಕಡೆಯಿಂದ ಬಾಯಿ ಒರೆಸಿಕೊಳ್ತಾ ಬಂದ. ಅಯುತ್ಥಯಾದ ನದಿ ಸಿಗಡಿ ಹೆಸರುವಾಸಿ ಅಂತಷ್ಟೇ ಬರೀತೀನಿ, ಅವ್ವ ಇದನ್ನ ಓದಿಸಿಕೊಳ್ತಾರೆ.

ಹುಡುಗರಿಗೆ ಅಲ್ಲಿನ ರೋಟಿ ಸಾಯ್ ಮಾಯ್. ಜಾತ್ರೆಯ ಬಾಂಬೆ ಮಿಠಾಯಿಯನ್ನೇ ಎಳೆ ಎಳೆ ಮಾಡಿ, ಹಸಿರು-ಗುಲಾಬಿ ಬಣ್ಣದ ತೆಳು ರೊಟ್ಟಿಯಲ್ಲಿ ಸುತ್ತಿಕೊಂಡು ತಿನ್ನೋದು. ಊರಿನ ಮುಸ್ಲಿಮರ ಕೈಗುಣದಿಂದ ಬೆಳೆದ ತಿಂಡಿ ಅದು. ಒಂದು ಕಟ್ಟಿಗೆ ನಲವತ್ತೋ ಐವತ್ತೋ ಬಾಟ್. ಅಂಗಡಿಯಾತ ಹಿಟ್ಟಿನ ಮುದ್ದೆಯನ್ನ ಅಂಗೈಯಲ್ಲಿ ಹಿಡಿದು ಕಾದ ಹಂಚಿಗೆ ಒಮ್ಮೆ ಒತ್ತಿ ಎತ್ತಿದರೆ ಹಂಚಿನ ಮೇಲೆ ರೊಟ್ಟಿ ಉಳಿಯುತ್ತೆ, ಮುದ್ದೆ ಕೈಯಲ್ಲೇ. ಲಟ್ಟಣಿಗೆ ಇಲ್ಲ, ಬಡಿಯೋದಿಲ್ಲ. ನಿಮಿಷಕ್ಕೆ ಎಷ್ಟು ಬಿದ್ದವೋ! ಅವ್ವ ಮತ್ತು ಕಾಕು ಇಡೀ ಅಯುತ್ಥಯಾದಲ್ಲಿ ಕಣ್ಣು ಮಿಟುಕಿಸದೆ ನೋಡಿದ್ದು ಇದೊಂದನ್ನೇ. ಊರಿಗೆ ಬಂದ ಮೇಲೆ ಮೈದಾ ಕಲಸಿ ಹಾಗೇ ಒತ್ತಿ ನೋಡಿದರಂತೆ. ಅಂಗೈ ಸುಟ್ಟಿದ್ದು ಆಮೇಲೆ ಗೊತ್ತಾಯ್ತು.

ಸಂಜೆ ರೈಲಿಗೆ ಬೆಳಗಿನದಕ್ಕಿಂತ ದುಪ್ಪಟ್ಟು ಮಂದಿ ಅಂತ ಟುಕ್‌ಟುಕ್‌ನವನೇ ಹೇಳಿದ. ಅವನೇ ತನ್ನ ಪರಿಚಯದ ವ್ಯಾನ್ ಕರೆಸಿದ, ಬ್ಯಾಂಕಾಕಿನ ಹೋಟೆಲ್ ಬಾಗಿಲಿಗೆ 1,800 ಬಾಟ್. ಕೆಟ್ಟರೆ ಚೀಲದಿಂದ ಎಣಿಸಿ ಕೊಟ್ಟೆ. ದಾರಿಯಲ್ಲಿ ಎಲ್ಲರೂ ನಿದ್ದೆ. ಹೋಟೆಲಿಗೆ ಬಂದು ಅವ್ವ ಸ್ನಾನ ಮಾಡಿ ಪೂಜೆ ಮುಗಿಸಿ ಹಿಂಡಿ-ರೊಟ್ಟಿ ಉಂಡರು. ಜಿಪ್ ಚೀಲದ ಮೆತ್ತನ್ನವೇ ಬೇಕಂತೆ, ಹಲ್ಲಿಗೆ ಹಗುರ. ಇಷ್ಟು ವರ್ಷ ಇದನ್ನ ಮೊದಲೇ ಹೇಳಿದ್ದರೆ ಟವೆಲ್ ರೊಕ್ಕ ಉಳೀತಿತ್ತು.

ಲೆಕ್ಕ, ನೆನಪಿದ್ದ ಮಟ್ಟಿಗೆ. ರೈಲು-ದೋಣಿ ಮುನ್ನೂರರೊಳಗೆ. ಟುಕ್‌ಟುಕ್ ಎಲ್ಲ ಕೂಡಿ ಒಂದೂವರೆ ಸಾವಿರ. ಟಿಕೆಟ್ಟಿಗೆ ಒಂಬೈನೂರು ಚಿಲ್ಲರೆ. ತಿಂಡಿ, ಎಳನೀರು, ಹಣ್ಣು ಎಂಟುನೂರು. ವ್ಯಾನ್, ಚಪ್ಪಲಿ, ನಾಲ್ವರ ಬಿಟ್ಟ ದುಡ್ಡು ಸೇರಿ ಎರಡು ಸಾವಿರದ ಮುನ್ನೂರು. ಉಡುಪು ಆರುನೂರು. ಒಟ್ಟು ಆರೂವರೆ ಸಾವಿರ ಬಾಟಿನ ಒಳಗೆ, ನಮ್ಮ ರೊಕ್ಕದಲ್ಲಿ ಹದಿನೈದು-ಹದಿನಾರು ಸಾವಿರ, ಒಂಬತ್ತು ಮಂದಿಗೆ. ಹೋಟೆಲಿನವರ ಟೂರು ಇದರ ದುಪ್ಪಟ್ಟಿನ ಮೇಲೆ, ಮಳೆಯ ಲೆಕ್ಕ ಅವರೇನು ಬೇರೆ ಹಿಡೀತಿರಲಿಲ್ಲ. ಇಡೀ ಪ್ರವಾಸ, ಬೆಂಗಳೂರಿನ ವಿಮಾನ ಸಹಿತ, ತಲೆಗೆ ನಲವತ್ತರ ಮೇಲೆ ಸ್ವಲ್ಪ.

ಆಮೇಲಿಂದ ಪದ್ಧತಿಗೆ ಸೇರಿಸಿದ್ದು ಎರಡೇ. ಕುರ್ಚಿ ತಂಡದ ಹತ್ತಿರ ಒಂದು ಪವರ್ ಬ್ಯಾಂಕು, ಅದೂ ಕಾಕು ಕೈಗೆ ಸಿಗದ ಹಾಗೆ. ಮತ್ತೆ ಹೋಗೋ ದೇಶದ ರಜೆ ದಿನ ನೋಡಿ ಬಿಟ್ಟರೆ ಸಾಲದು, ಆ ದಿನ ಅಲ್ಲಿನ ಮಂದಿ ಎಲ್ಲಿಗೆ ಹೋಗ್ತಾರೆ ಅಂತ ಹೋಟೆಲಿನ ಕಸ ಗುಡಿಸೋರನ್ನ ಕೇಳೋದು. ಕೌಂಟರಿನವರು ಟೂರು ಮಾರೋರು, ಅವರಿಂದ ಬರೋದಿಲ್ಲ. ಒಂದು ತಕರಾರು ಮಾತ್ರ ಇನ್ನೂ ಬಗೆಹರಿದಿಲ್ಲ. ನನ್ನ ಹೆಂಡ್ತಿಯ ಉಡುಪು ಪಟ್ಟಿಯಲ್ಲಿತ್ತು, ಅದು ಹೋಗೋ ಚೀಲದ್ದು. ಕಾಕಾನ ಇನ್ನೂರು ಬಾಟ್ ಯಾವ ಚೀಲದ್ದು? ಅರಮನೆ ಬಿಟ್ಟ ನೂರು ಇಸ್ಕೊಂಡಿದ್ದಾರೆ, ಅದನ್ನ ಮುರಿದುಕೊಂಡು ಉಳಿದ ನೂರು ಕೊಡ್ರಿ ಅಂತ ನಾನು. ರಾಜನ ಉಡುಪು ಹಾಕಿದ್ದೇ ಅರಮನಿ ನೋಡಿದ ಲೆಕ್ಕ, ನೂರು ಬಾಟ್ ಬೇಕಾದ್ರ ಹೊಳ್ಳಿ ಕೊಡತೇನಿ, ಆದ್ರ ಬಾಡಿಗಿ ನಿಂದಾ ಅಂತ ಕಾಕಾ.